ಐದರಿಂದ ಎಂಟು ಸಾವಿರದ ಇಯರ್‌ಬಡ್ಸ್: ಟ್ರೈನಿನ ಗಲಾಟೆ ನಿಜವಾಗಿ ನಿಲ್ಲುತ್ತಾ?

ಕ್ಯಾತ್ಸಂದ್ರ ಸೀಸನ್ ಪಾಸ್

ದಿನಾ ಕ್ಯಾತ್ಸಂದ್ರದಲ್ಲಿ ಹತ್ತಿ ಯಶವಂತಪುರದಲ್ಲಿ ಇಳಿಯುತ್ತೇನೆ. ಸಂಜೆ ಅದೇ ಉಲ್ಟಾ. ಎಲ್ಲಾ ಸರಿಯಾಗಿ ನಡೆದರೆ ಒಂದೂಕಾಲು ಗಂಟೆ, ಸೋಲದೇವನಹಳ್ಳಿ ಹತ್ತಿರ ಸಿಗ್ನಲ್‌ಗೆ ನಿಂತುಬಿಟ್ಟರೆ ಲೆಕ್ಕವಿಲ್ಲ. ಈ ಹೊತ್ತಿನಲ್ಲಿ ನಿದ್ದೆ ಮಾಡಬೇಕು, ಇಲ್ಲ ಏನಾದರೂ ಕೇಳಬೇಕು. ಎರಡೂ ಆಗುತ್ತಿಲ್ಲ. ಕೆಳಗೆ ಗಾಲಿ ಸದ್ದು, ಎದುರಿಗೆ ಇಸ್ಪೀಟ್ ಗುಂಪು, ಪಕ್ಕದಲ್ಲಿ ಸ್ಪೀಕರ್ ಹಾಕಿಕೊಂಡು ರೀಲ್ಸ್ ನೋಡುವ ಒಬ್ಬ ಮಹಾನುಭಾವ.

ಹಳೇ ಸೆಟ್ 1,500 ರೂಪಾಯಿದು. ಎಡಗಡೆದು ಎಂಟೇ ತಿಂಗಳಿಗೆ ಸತ್ತಿತು. ಬಲಗಡೆದು ಇವತ್ತಿಗೂ ಗುಂಡುಕಲ್ಲಿನ ಹಾಗೆ ಇದೆ. ಬಿಸಾಕಲು ಮನಸ್ಸು ಬರದೆ ಡ್ರಾದಲ್ಲಿ ಇಟ್ಟಿದ್ದೇನೆ.

ಈ ಸಲ ಸ್ವಲ್ಪ ಜಾಸ್ತಿ ಹಾಕೋಣ ಅಂತ. ಐದರಿಂದ ಎಂಟು ಸಾವಿರ, ತೀರಾ ಅಂದರೆ ಒಂಬತ್ತು. ನೋಡಿ ನೋಡಿ ಮೂರು ಉಳಿದಿವೆ: ಸಿಎಂಎಫ್ ಬಡ್ಸ್ ಪ್ರೋ 2, ನಥಿಂಗ್ ಇಯರ್ ಎ, ಸೋನಿ ಡಬ್ಲ್ಯುಎಫ್-ಸಿ700ಎನ್. ಮೊದಲನೆಯದು ಐದು ಸಾವಿರದ ಒಳಗೇ ಬರುತ್ತದೆ, ಆದರೆ ಅದು ಹೊರಗಿನ ಸದ್ದನ್ನು 50 ಡೆಸಿಬೆಲ್ ತಡೆಯುತ್ತದೆ ಅಂತ ಬರೆದಿದ್ದಾರೆ. ಅದಕ್ಕಿಂತ ದುಬಾರಿಯಾದ ಎರಡನೆಯದಕ್ಕೆ 45. ಸೋನಿಗೆ ಅಂಥ ಅಂಕಿಯೇ ನನಗೆ ಕಾಣಲಿಲ್ಲ. ಹಾಗಾದರೆ ಕಡಿಮೆ ಬೆಲೆಯದ್ದೇ ಜಾಸ್ತಿ ತಡೆಯುತ್ತಾ? ಇನ್ನೊಂದು ವಿಷಯ, ನನ್ನ ಎಡಕಿವಿಯಲ್ಲಿ ಯಾವ ಬಡ್ಸೂ ನಿಲ್ಲುವುದಿಲ್ಲ. ಬಳಸಿದವರು ಹೇಳಿ. ಯೂಟ್ಯೂಬ್ ನೋಡಿ ತಲೆ ಕೆಟ್ಟಿದೆ.

ಎಸ್‌ಐಟಿ ಹಿಂದಿನ ಬೀದಿ

ಡೆಸಿಬೆಲ್ ಅಂಕಿ ನೋಡಿ ಕೊಳ್ಳಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ.

ಆ ಅಂಕಿಯ ಮುಂದೆ ಸಣ್ಣಕ್ಕೆ 'ವರೆಗೆ' ಅಂತ ಇರುತ್ತದೆ, ನೋಡಿ. 50 ಡೆಸಿಬೆಲ್‌ವರೆಗೆ. ಅಂದರೆ ಯಾವುದೋ ಒಂದು ಶ್ರುತಿಯಲ್ಲಿ, ಲ್ಯಾಬಿನಲ್ಲಿ, ಸರಿಯಾಗಿ ಕೂತ ಬಡ್‌ನಲ್ಲಿ ಸಿಕ್ಕ ಅತಿ ಹೆಚ್ಚಿನ ಲೆಕ್ಕ. ಎಲ್ಲಾ ಸದ್ದಿಗೂ ಅಷ್ಟು ಕಡಿತ ಅಂತಲ್ಲ. 3,299ಕ್ಕೆ ಬಂದ ರಿಯಲ್‌ಮಿ ಬಡ್ಸ್ ಏರ್ 6ಗೂ 50 ಅಂತಲೇ ಹೇಳಿದ್ದಾರೆ, 7,999 ಬೆಲೆ ಹಾಕಿಕೊಂಡು ಬಂದ ಇಯರ್ ಎಗೆ 45. ಬೆಲೆಗೂ ಅಂಕಿಗೂ ಸಂಬಂಧ ಹುಡುಕುತ್ತಾ ಹೋದರೆ ಹುಚ್ಚು ಹಿಡಿಯುತ್ತದೆ.

ಸದ್ದು ತಡೆಯುವ ಈ ವಿದ್ಯೆ, ಅಂದರೆ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್ (ಎಎನ್‌ಸಿ), ಕೆಲಸ ಮಾಡುವುದು ಹೇಗೆ ಅಂತ ಗೊತ್ತಾದರೆ ನಿಮ್ಮ ಟ್ರೈನಲ್ಲಿ ಏನಾಗುತ್ತದೆ ಅಂತ ನೀವೇ ಹೇಳಬಹುದು. ಹೊರಗಿನ ಮೈಕ್ ಸದ್ದನ್ನು ಹಿಡಿಯುತ್ತದೆ. ಒಳಗಿನ ಚಿಪ್ ಅದೇ ಅಲೆಯ ತದ್ವಿರುದ್ಧ ಅಲೆ ಮಾಡಿ ಸ್ಪೀಕರ್‌ನಿಂದ ಬಿಡುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಎರಡೂ ಸೇರಿ ಸಪಾಟು. ಕಿವಿಯ ಒಳಗಡೆಗೆ ಇನ್ನೊಂದು ಮೈಕ್ ಇಟ್ಟು ಎಷ್ಟು ಉಳಿದಿದೆ ಅಂತ ನೋಡಿ ತಿದ್ದುವುದೂ ಉಂಟು, ಅದಕ್ಕೇ ಹೈಬ್ರಿಡ್ ಅನ್ನುತ್ತಾರೆ. ಈಗ ಲೆಕ್ಕ ಹಾಕಿ. 100 ಹರ್ಟ್ಸ್‌ನ ಗುಂಯ್ ಸದ್ದಿನ ಒಂದು ಅಲೆ ಗಾಳಿಯಲ್ಲಿ ಮೂರು ಮೀಟರಿಗಿಂತ ಉದ್ದ. ಚಿಪ್ ಒಂಚೂರು ಆಚೆ ಈಚೆ ಆದರೂ ಸರಿಹೋಗುತ್ತದೆ. 3,000 ಹರ್ಟ್ಸ್‌ನ ಕೀಚಲು ಸದ್ದಿನ ಅಲೆ ಬರೀ ಹನ್ನೊಂದು ಸೆಂಟಿಮೀಟರ್. ಅಲ್ಲಿ ಕೂದಲೆಳೆಯಷ್ಟು ತಡವಾದರೂ ಲೆಕ್ಕ ತಪ್ಪಿತು. ಅದಕ್ಕೇ ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಇದು ರಾಜ. ಗಾಲಿ, ಫ್ಯಾನು, ಬಸ್ಸಿನ ಎಂಜಿನ್ನು ಎಲ್ಲಾ ಹೋಗುತ್ತವೆ. ಮಾತು, ಹಾರ್ನು, ಮಗು ಅಳು, ರೀಲ್ಸ್ ಮಹಾನುಭಾವ, ಇವೆಲ್ಲಾ ಉಳಿಯುತ್ತವೆ. ಅವನ್ನು ತಡೆಯುವುದು ಚಿಪ್ ಅಲ್ಲ, ಕಿವಿಗೆ ತುರುಕುವ ರಬ್ಬರ್.

ಈ ವಿದ್ಯೆ ಬೆಳೆದದ್ದೇ ವಿಮಾನದಲ್ಲಿ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್‌ಗೆ ಈ ಯೋಚನೆ ಬಂದದ್ದು 1978ರಲ್ಲಿ, ವಿಮಾನದಲ್ಲಿ ಕೂತು ಹಾಡು ಕೇಳಲಾಗದೆ ಸಿಟ್ಟಾದಾಗ. ಎಂಜಿನ್ ಗುಂಯ್‌ಗೆ ಮಾಡಿದ ಮದ್ದು ಇದು. ಇಸ್ಪೀಟ್ ಗುಂಪಿಗೆ ಮಾಡಿದ್ದಲ್ಲ.

ಮಂಡಿಪೇಟೆ ಮೂಲೆ

ಗುರು, ಇಷ್ಟು ಹೊತ್ತು ಓದಿದ ಮೇಲೆ ಗೊತ್ತಾಗಿದ್ದು, ರೀಲ್ಸ್‌ನವನ ಮೇಲೆ ಯಾವ ಚಿಪ್ಪೂ ನಡೆಯುವುದಿಲ್ಲ ಅಂತ.

ಟೊಮ್ಯಾಟೊ ಸೀಸನ್ (ಕೋಲಾರ)

ನನ್ನ ಅನುಭವ ಬೇರೆ ಥರ. ಕೋಲಾರ ಎಪಿಎಂಸಿಯಲ್ಲಿ ಕೆಲಸ. ಬೆಳಗ್ಗೆ ಹರಾಜು ಶುರುವಾದರೆ ಎದುರಿಗೆ ನಿಂತವನ ಮಾತೂ ಕೇಳುವುದಿಲ್ಲ. ಲಾರಿ ರಿವರ್ಸು, ಬಾಕ್ಸ್ ಎತ್ತಿ ಹಾಕುವ ಸದ್ದು, ಒಬ್ಬ ತೆಲುಗಿನಲ್ಲಿ ರೇಟು ಕೂಗಿದರೆ ಇನ್ನೊಬ್ಬ ಕನ್ನಡದಲ್ಲಿ, ಚೆನ್ನೈ ಪಾರ್ಟಿ ಫೋನಲ್ಲಿ ತಮಿಳು. ನನಗೆ ಹಾಡು ಬೇಕಿಲ್ಲ. ಆ ಕಡೆಯವನಿಗೆ ನನ್ನ ಮಾತು ಕೇಳಿದರೆ ಸಾಕು.

ನಾನು ಮಾಡಿದ ದಡ್ಡತನ ಹೇಳುತ್ತೇನೆ, ನೀವು ಮಾಡಬೇಡಿ. ಡಬ್ಬಿ ಮೇಲೆ ಇಎನ್‌ಸಿ ಅಂತ ದಪ್ಪಕ್ಷರದಲ್ಲಿತ್ತು. ನಾಯ್ಸ್ ಕ್ಯಾನ್ಸಲಿಂಗ್ ಇದೆ ಅಂದುಕೊಂಡು ತಂದೆ. ಹಾಕಿದರೆ ಮಂಡಿ ಸದ್ದು ಹಾಗೇ ಇದೆ. ಅಂಗಡಿಯವನ ಹತ್ತಿರ ಜಗಳಕ್ಕೆ ಹೋದೆ. ಅವನು ನಕ್ಕು ಹೇಳಿದ: ಅಣ್ಣ, ಇಎನ್‌ಸಿ ಅಂದರೆ ಫೋನಲ್ಲಿ ಮಾತಾಡುವಾಗ ಆ ಕಡೆಯವರಿಗೆ ಗಲಾಟೆ ಕಡಿಮೆ ಮಾಡುವುದು, ನಿನ್ನ ಕಿವಿಗೆ ಬೇಕಾದ್ದು ಎಎನ್‌ಸಿ. ಒಂದಕ್ಷರ ಸ್ವಾಮಿ. ಒಂದಕ್ಷರಕ್ಕೆ ಎರಡು ಸಾವಿರ.

ಆಮೇಲೆ ನೋಡಿದರೆ ನನ್ನ ಕೆಲಸಕ್ಕೆ ಅದೇ ಸರಿಯಿತ್ತು ಅನ್ನುವುದು ಬೇರೆ ಮಾತು.

ವಸಂತನರಸಾಪುರ ಸೆಕೆಂಡ್ ಶಿಫ್ಟ್

ಒಂದು ಎಚ್ಚರಿಕೆ, ಯಾಕೆಂದರೆ ನಮ್ಮ ಹುಡುಗರು ಹೀಗೇ ಮಾಡುತ್ತಾರೆ. ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ಪಕ್ಕ ನಿಲ್ಲುವಾಗ ಕಂಪನಿ ಕೊಟ್ಟ ಇಯರ್‌ಪ್ಲಗ್ ಬಿಟ್ಟು ಇದನ್ನು ಹಾಕಿಕೊಳ್ಳುತ್ತಾರೆ, ಹಾಡೂ ಆಯಿತು ರಕ್ಷಣೆಯೂ ಆಯಿತು ಅಂತ. ಆಗುವುದಿಲ್ಲ. ಇಯರ್‌ಪ್ಲಗ್‌ಗೆ ಪರೀಕ್ಷೆ ಮಾಡಿ ರೇಟಿಂಗ್ ಕೊಟ್ಟಿರುತ್ತಾರೆ. ಈ ಬಡ್ಸ್‌ಗೆ ಅಂಥ ರೇಟಿಂಗ್ ಇಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಡಿದಾಗ ಬರುವ ಠಣ್ ಸದ್ದನ್ನು ಇದು ಹಿಡಿಯುವಷ್ಟರಲ್ಲಿ ಅದು ಕಿವಿ ಒಳಗೆ ಹೋಗಿಯಾಗಿರುತ್ತದೆ. ಸಾಲದ್ದಕ್ಕೆ ಫೋರ್ಕ್‌ಲಿಫ್ಟ್ ಬಂದರೆ ಗೊತ್ತಾಗುವುದಿಲ್ಲ.

ನಾನು ಬಳಸುವುದು ಕಂಪನಿ ಬಸ್ಸಿನಲ್ಲಿ ಮಾತ್ರ. ಹೋಗುವಾಗ ನಲವತ್ತು ನಿಮಿಷ, ರಾತ್ರಿ ಬರುವಾಗ ಅರ್ಧ ಗಂಟೆ. ಬಸ್ಸಿನ ಹಿಂದಿನ ಸೀಟಿನ ಎಂಜಿನ್ ಸದ್ದು ಪೂರ್ತಿ ಮಾಯ. ಮೊದಲ ದಿನ ಬಸ್ಸು ಆಫ್ ಆಯಿತು ಅಂದುಕೊಂಡು ಕಣ್ಣು ಬಿಟ್ಟೆ.

ಕ್ಯಾತ್ಸಂದ್ರ ಸೀಸನ್ ಪಾಸ್

ಎಲ್ಲರಿಗೂ ಥ್ಯಾಂಕ್ಸ್. ಅಂಕಿ ವಿಷಯ ಅರ್ಥವಾಯಿತು. ಎಡಕಿವಿ ಸಮಸ್ಯೆಗೆ ಯಾರೂ ಉತ್ತರ ಕೊಡಲಿಲ್ಲ.

ಅಮಾನಿಕೆರೆ ವಾಕಿಂಗ್

ಕೊಡುತ್ತೇನೆ, ಯಾಕೆಂದರೆ ಒಂದು ವರ್ಷ ನಾನೂ ಇದೇ ಒದ್ದಾಟ ಒದ್ದಾಡಿದವನು. ಕಾಸು ಹಾಕಿದ್ದು ದಂಡವಾಯಿತು ಅಂತ ಬೈದುಕೊಂಡು ತಿರುಗಾಡುತ್ತಿದ್ದೆ. ತಪ್ಪು ಬಡ್ಸಿನದಲ್ಲ. ನನ್ನ ಎರಡು ಕಿವಿ ಒಂದೇ ಅಳತೆಯವಲ್ಲ.

ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಟಿಪ್ ಕೊಟ್ಟಿರುತ್ತಾರೆ. ನಾವೇನು ಮಾಡುತ್ತೇವೆ? ಮೊದಲೇ ಹಾಕಿಟ್ಟ ಮಧ್ಯಮ ಅಳತೆಯದನ್ನೇ ಬಳಸಿ, ಉಳಿದವನ್ನು ಡಬ್ಬಿ ಸಮೇತ ಅಟ್ಟಕ್ಕೆ ಎಸೆಯುತ್ತೇವೆ. ಅಟ್ಟದಿಂದ ಇಳಿಸಿ. ಎಡಕ್ಕೆ ಒಂದು ಅಳತೆ, ಬಲಕ್ಕೆ ಒಂದು ಅಳತೆ ಹಾಕಬಾರದು ಅಂತ ಯಾವ ಕಾನೂನೂ ಇಲ್ಲ.

ಹಾಕುವ ರೀತಿಯೂ ಇದೆ. ಎಡಕಿವಿಗೆ ಹಾಕುವಾಗ ಬಲಗೈಯನ್ನು ತಲೆ ಮೇಲಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಿವಿಯ ದಾರಿ ನೆಟ್ಟಗಾಗುತ್ತದೆ. ಎಡಗೈಯಲ್ಲಿ ಬಡ್ ಒಳಗಿಟ್ಟು ಹಿಂದಕ್ಕೆ ಅರ್ಧ ತಿರುವು ಕೊಡಿ. ಕೈ ಬಿಡಿ. ಈಗ ಬಾಯಿ ಮುಚ್ಚಿಕೊಂಡು 'ಮ್ಮ್' ಅಂತ ಗುನುಗಿ. ನಿಮ್ಮ ದನಿ ಬಾವಿಯೊಳಗಿಂದ ಬಂದ ಹಾಗೆ ತಲೆ ತುಂಬ ಗುಂಯ್ ಅಂದರೆ ಕೂತಿದೆ. ಒಂದು ಕಡೆ ಗುಂಯ್, ಇನ್ನೊಂದು ಕಡೆ ಮಾಮೂಲಿ ದನಿ ಅಂದರೆ ಆ ಕಡೆ ಸಂದಿ ಇದೆ. ಎಷ್ಟೋ ಆ್ಯಪ್‌ಗಳಲ್ಲೇ ಫಿಟ್ ಟೆಸ್ಟ್ ಇರುತ್ತದೆ, ಅದನ್ನೂ ಮಾಡಿ. ಆದರೆ ಗುನುಗುವುದಕ್ಕೆ ಬ್ಲೂಟೂತ್ ಬೇಡ.

ಸಂದಿ ಇದ್ದರೆ ಬಾಸ್ ಸೋರಿಹೋಗುತ್ತದೆ, ಎಎನ್‌ಸಿಯೂ ಸೋರುತ್ತದೆ. ಕಿಟಕಿ ತೆರೆದಿಟ್ಟು ಏಸಿ ಹಾಕಿದ ಹಾಗೆ. ಎಂಟು ಸಾವಿರದ ಬಡ್ಸ್ ಸಡಿಲವಾಗಿ ಕೂತರೆ ಮೂರು ಸಾವಿರದ್ದು ಬಿಗಿಯಾಗಿ ಕೂತಿದ್ದಕ್ಕಿಂತ ಕಡೆ.

ನನಗೆ ಕೊನೆಗೆ ಎಡಕ್ಕೆ ಚಿಕ್ಕದು, ಬಲಕ್ಕೆ ಮಧ್ಯಮದ್ದು ಆಯಿತು. ಸ್ಪಂಜಿನ ಟಿಪ್ ಕೂಡ ಸಿಗುತ್ತದೆ, ಹಿಂಡಿ ಒಳಗಿಟ್ಟರೆ ನಿಧಾನಕ್ಕೆ ಉಬ್ಬಿ ಕೂರುತ್ತದೆ. ಮಾತಿನ ಸದ್ದಿಗೂ ಅದು ಚೆನ್ನಾಗಿ ಅಡ್ಡ ಬರುತ್ತದೆ. ಬೆವರಿಗೆ ಬೇಗ ಹಾಳಾಗುತ್ತದೆ ಅಷ್ಟೇ. ಹಾಗೇ ಜಾಲರಿಯಲ್ಲಿ ಕಿವಿಯ ಗುಗ್ಗೆ ಕಟ್ಟಿದರೆ ಒಂದು ಕಡೆ ಸದ್ದು ಕುಗ್ಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ. ಗುಂಡುಪಿನ್ ಹಾಕಿ ಚುಚ್ಚಬೇಡಿ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಬಸ್ಸಿನಲ್ಲಿ ಓಡಾಡುವವರಿಗೆ ನನ್ನ ಕಥೆ. ಹೊಸದಾಗಿ ತಂದಿದ್ದೆ. ಬೆಂಗಳೂರಿನಿಂದ ಬಾಗೇಪಲ್ಲಿ ಬಸ್ಸು ಹತ್ತಿದೆ. ದೇವನಹಳ್ಳಿ ದಾಟುವಷ್ಟರಲ್ಲಿ ನಿದ್ದೆ. ಅಂಥ ನಿದ್ದೆ ಮನೆಯಲ್ಲೂ ಬಂದಿಲ್ಲ. ಕಂಡಕ್ಟರ್ ಚಿಕ್ಕಬಳ್ಳಾಪುರ ಚಿಕ್ಕಬಳ್ಳಾಪುರ ಅಂತ ಕೂಗಿದ್ದು ಪಕ್ಕದವರಿಗೆಲ್ಲಾ ಕೇಳಿದೆ, ನನಗಿಲ್ಲ. ಯಾರೋ ಭುಜ ಅಲುಗಾಡಿಸಿದಾಗ ಹೊರಗೆ ನೋಡಿದರೆ ಪೇರೇಸಂದ್ರ.

ಮೇಲೆ ಒಬ್ಬರು ಮಾತು ಉಳಿಯುತ್ತದೆ ಅಂದರಲ್ಲ, ರಬ್ಬರ್ ಸರಿಯಾಗಿ ಕೂತು ಸಣ್ಣಗೆ ಹಾಡೂ ಇದ್ದರೆ ಮಾತೂ ಹೋಗುತ್ತದೆ. ಈಗ ಊರು ಹತ್ತಿರ ಬಂದಾಗ ಟ್ರಾನ್ಸ್‌ಪರೆನ್ಸಿ ಮೋಡ್‌ಗೆ ಹಾಕುತ್ತೇನೆ, ಹೊರಗಿನ ಸದ್ದನ್ನು ಮೈಕೇ ಒಳಗೆ ಕಳಿಸುತ್ತದೆ. ಕೊಳ್ಳುವಾಗ ಅದು ಹೇಗಿದೆ ಅಂತಲೂ ನೋಡಿ. ಕೆಲವದರಲ್ಲಿ ಎದುರಿನವರು ತಗಡಿನ ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ಕಿಟಕಿ ಪಕ್ಕ ಕೂತರೆ ಇನ್ನೊಂದು ರಗಳೆ. ಗಾಳಿ ನೇರವಾಗಿ ಮೈಕ್‌ಗೆ ಬಡಿದು ಭರ್ ಭರ್ ಅನ್ನುತ್ತದೆ. ಕಿಟಕಿ ಕಡೆಯ ಕಿವಿಗೆ ಟವೆಲ್ ಸುತ್ತಿಕೊಳ್ಳಿ, ಇಲ್ಲ ಎಎನ್‌ಸಿ ಕಡಿಮೆ ಮಾಡಿ. ಬೈಕ್‌ನಲ್ಲಂತೂ ಹಾಕಲೇಬೇಡಿ, ಗಾಳಿಗಲ್ಲ, ಹಿಂದಿನ ಲಾರಿಗೆ.

ಹೈ-ರೆಸ್ ಹುಚ್ಚ

ಯಾರೂ ಕೋಡೆಕ್, ಅಂದರೆ ಹಾಡನ್ನು ಹಿಂಡಿ ಬ್ಲೂಟೂತ್‌ನಲ್ಲಿ ಕಳಿಸುವ ವಿಧಾನ, ಅದರ ಮಾತೇ ಎತ್ತಿಲ್ಲವಲ್ಲ? ನಿಮ್ಮ ಮೂರರಲ್ಲಿ ಸಿಎಂಎಫ್, ನಥಿಂಗ್ ಎರಡಕ್ಕೂ ಹಾಡಿನ ವಿವರ ಜಾಸ್ತಿ ಕಳಿಸುವ ಎಲ್‌ಡಿಎಸಿ ಕೋಡೆಕ್ ಇದೆ, ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹೋಗುತ್ತದೆ. ಸೋನಿಯ ಈ ಮಾಡೆಲ್‌ನಲ್ಲಿ ಬರೀ ಮಾಮೂಲಿ ಎಸ್‌ಬಿಸಿ, ಎಎಸಿ ಕೋಡೆಕ್. ಎಲ್‌ಡಿಎಸಿ ಕಂಡುಹಿಡಿದವರೇ ಸೋನಿಯವರು, ಅವರದ್ದರಲ್ಲೇ ಇಲ್ಲ. ಇದಕ್ಕಿಂತ ತಮಾಷೆ ಬೇಕಾ?

ಎಸ್‌ಐಟಿ ಹಿಂದಿನ ಬೀದಿ

ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಕೂತು ಕೇಳಿದರೆ ಒಪ್ಪುತ್ತೇನೆ. ಯಶವಂತಪುರ ಪ್ಲಾಟ್‌ಫಾರ್ಮ್‌ನಲ್ಲಿ ಸಾವಿರ ಜನರ ಜೇಬಲ್ಲಿ ಬ್ಲೂಟೂತು ವೈಫೈ ಇರುವಾಗ 990ಕ್ಕೆ ಇಟ್ಟು ನೋಡಿ, ಹಾಡು ಬಿಕ್ಕಳಿಸುತ್ತದೆ. ಬ್ಲೂಟೂತೆಲ್ಲಾ, ಜೊತೆಗೆ ಎಷ್ಟೋ ವೈಫೈ, 2.4 ಗಿಗಾಹರ್ಟ್ಸ್ ಅನ್ನುವ ಒಂದೇ ಓಣಿಯಲ್ಲಿ ಓಡಾಡಬೇಕು. ಆಟೋಗೆ ಬಿಟ್ಟರೆ ಫೋನು ತಾನೇ ಕಡಿಮೆಗೆ ಇಳಿಸಿಕೊಳ್ಳುತ್ತದೆ. ಐಫೋನ್ ಇದ್ದವರಿಗಂತೂ ಎಲ್‌ಡಿಎಸಿ ಇಲ್ಲವೇ ಇಲ್ಲ, ದುಡ್ಡು ಕೊಟ್ಟು ಏನು ಪ್ರಯೋಜನ?

ಹೈ-ರೆಸ್ ಹುಚ್ಚ

ರಾತ್ರಿ ಹತ್ತರ ಮೇಲೆ ಕೇಳುವವರೂ ಮನುಷ್ಯರೇ.

ಮಂಡಿಪೇಟೆ ಮೂಲೆ

ಈ ಜಗಳ ಬಿಡಿ. ಬ್ಯಾಟರಿ, ಸರ್ವಿಸ್ ಬಗ್ಗೆ ಕೇಳಿ. ಇಲ್ಲೇ ಸುಡುವುದು ಕೈ.

ಡಬ್ಬಿ ಮೇಲಿನ 42 ಗಂಟೆ, 43 ಗಂಟೆ ಎಲ್ಲಾ ಎಎನ್‌ಸಿ ಆಫ್ ಮಾಡಿ, ಕೇಸ್‌ನಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಿದ ಲೆಕ್ಕ. ಇಯರ್ ಎಗೆ ಕಂಪನಿಯೇ ಹೇಳುವುದು ಎಎನ್‌ಸಿ ಹಾಕಿದರೆ ಒಂದು ಸಲಕ್ಕೆ 5.5 ಗಂಟೆ. ಸೋನಿ ಸಿ700ಎನ್‌ಗೆ 7.5 ಗಂಟೆ. ಟ್ರೈನಿಗೆ ಎರಡೂ ಧಾರಾಳ. ಆದರೆ ಇದರ ಬ್ಯಾಟರಿ ಸೂಜಿಮಲ್ಲಿಗೆ ಮೊಗ್ಗಿನಷ್ಟು, ಒಳಗೆ ಅಂಟಿಸಿಬಿಟ್ಟಿರುತ್ತಾರೆ, ಬದಲಾಯಿಸುವ ಹಾಗಿಲ್ಲ. ಎರಡು ಮೂರು ವರ್ಷಕ್ಕೆ ಮುಪ್ಪಾಗುತ್ತದೆ ಅಂತ ಇಟ್ಟುಕೊಂಡೇ ದುಡ್ಡು ಹಾಕಿ.

ಸರ್ವಿಸ್ ಕಥೆ ನನ್ನದೇ. ಕಂಪನಿ ಹೆಸರು ಬೇಡ. ಬಲಗಡೆದು ಕೆಟ್ಟಿತು, ವಾರಂಟಿ ಇನ್ನೂ ನಾಲ್ಕು ತಿಂಗಳಿತ್ತು. ಫೋನ್ ಮಾಡಿದರೆ ತುಮಕೂರಿನಲ್ಲಿ ಸೆಂಟರ್ ಇಲ್ಲ, ಬೆಂಗಳೂರಿಗೆ ತನ್ನಿ ಅಂದರು. ಒಂದು ದಿನ ರಜೆ ಹಾಕಿ ಹೋದೆ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಕೇಸಿನದು, ಬಡ್ಸಿನದು ಬೇರೆ, ಡಬ್ಬಿ ಮೇಲಿನ ಆ ನಂಬರಿನ ಫೋಟೋ ತನ್ನಿ ಅಂದರು. ಡಬ್ಬಿ ಇದ್ದದ್ದು ಮನೆಯ ಅಟ್ಟದ ಮೇಲೆ. ಇನ್ನೊಂದು ದಿನ ರಜೆ. ಎರಡು ದಿನದ ಸಂಬಳ ಲೆಕ್ಕ ಹಾಕಿದರೆ ಹೊಸದೇ ಬರುತ್ತಿತ್ತು. ಆದ್ದರಿಂದ ಕೊಂಡ ದಿನವೇ ಡಬ್ಬಿ, ಬಿಲ್ಲು, ನಂಬರು ಎಲ್ಲಾ ಫೋಟೋ ಹೊಡೆದಿಡಿ. ಒಂದೇ ಬಡ್ ಕಳೆದರೆ ಒಂದೇ ಕೊಡುತ್ತಾರಾ, ಎಷ್ಟಕ್ಕೆ, ಅಂತ ಕೊಳ್ಳುವ ಮೊದಲೇ ಕೇಳಿ.

ರಸ್ತೆ ಬದಿಯಲ್ಲಿ 900 ರೂಪಾಯಿಗೆ ದೊಡ್ಡ ಕಂಪನಿ ಹೆಸರಿನವು ಸಿಗುತ್ತವಲ್ಲ, ಹತ್ತಿರ ಹೋಗಬೇಡಿ. ಅಸಲಿ ಡಬ್ಬಿಯಲ್ಲಿ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತಿನ ಕೆಳಗೆ ಆರ್ ಅಂತ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿಗಿದೆ ಅಂತ ತೋರಿಸುತ್ತದೆ.

ಹಾಸ್ಟೆಲ್ ಮೂರನೇ ಮಹಡಿ

ನನಗೆ ಎಎನ್‌ಸಿ ಹಾಕಿದ ತಕ್ಷಣ ಕಿವಿ ಒತ್ತಿದ ಹಾಗಾಗುತ್ತದೆ. ಘಾಟಿ ಹತ್ತುವಾಗ ಆಗುತ್ತದಲ್ಲ, ಹಾಗೆ. ನನಗೊಬ್ಬನಿಗೇನಾ?

ಅಮಾನಿಕೆರೆ ವಾಕಿಂಗ್

ಇಲ್ಲ, ಎಷ್ಟೋ ಜನರಿಗೆ ಹಾಗನ್ನಿಸುತ್ತದೆ. ದಪ್ಪ ಸದ್ದು ಮಾತ್ರ ದಿಢೀರಂತ ಹೋದಾಗ ಒತ್ತಡ ಬದಲಾಯಿತು ಅಂತ ತಲೆ ಅಂದುಕೊಳ್ಳುತ್ತದೆ. ಎಎನ್‌ಸಿಯನ್ನು ಲೋಗೆ, ಇಲ್ಲ ಸುತ್ತಲಿನ ಸದ್ದಿಗೆ ತಕ್ಕಂತೆ ಬದಲಾಗುವ ಅಡಾಪ್ಟಿವ್‌ಗೆ ಇಟ್ಟು ನಾಲ್ಕು ದಿನ ನೋಡಿ. ಆಗಲೂ ಆದರೆ ಈ ವಸ್ತು ನಿಮಗಲ್ಲ ಬಿಡಿ, ಒಳ್ಳೆ ಸ್ಪಂಜಿನ ಟಿಪ್ ಇರುವ ಮಾಮೂಲಿ ಬಡ್ಸ್ ತಗೊಳ್ಳಿ, ದುಡ್ಡೂ ಉಳಿಯುತ್ತದೆ.

ಕ್ಯಾತ್ಸಂದ್ರ ಸೀಸನ್ ಪಾಸ್

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಒಬ್ಬರ ಸಿಎಂಎಫ್, ಇನ್ನೊಬ್ಬರ ಇಯರ್ ಎ ಒಂದೊಂದು ದಿನ ಬೇಡಿ ತಂದು ಟ್ರೈನಲ್ಲಿ ಹಾಕಿ ನೋಡಿದೆ. ಟಿಪ್ ನನ್ನವೇ ತಂದಿದ್ದೆ, ಗಾಬರಿ ಬೇಡ. ಪರೀಕ್ಷೆಯ ಜಾಗ ಹಿರೇಹಳ್ಳಿಯಿಂದ ದಾಬಸ್‌ಪೇಟೆ. ಅಲ್ಲಿ ಟ್ರೈನು ವೇಗ ಹಿಡಿಯುತ್ತದೆ, ಗಾಲಿ ಸದ್ದು ಒಂದೇ ಸಮ. ಹಾಡು ಹಾಕದೆ ಬರೀ ಎಎನ್‌ಸಿ ಆನ್, ಆಫ್, ಆನ್, ಆಫ್. ಎದುರಿನ ಅಜ್ಜಿ ನನಗೆ ಕಿವಿನೋವು ಅಂದುಕೊಂಡು ಬೆಳ್ಳುಳ್ಳಿ ಎಣ್ಣೆ ಹೇಳಿಕೊಟ್ಟರು.

ನಿಜ ಹೇಳಬೇಕೆಂದರೆ ಗಾಲಿ ಸದ್ದು ತಡೆಯುವುದರಲ್ಲಿ 50ಕ್ಕೂ 45ಕ್ಕೂ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾದ ವ್ಯತ್ಯಾಸ ಒಂದೇ, ಒಂದು ಎಡಕಿವಿಯಲ್ಲಿ ನಿಂತಿತು, ಇನ್ನೊಂದು ನಿಡವಂದ ಬರುವಷ್ಟರಲ್ಲಿ ಜಾರಿತು. ನಿಂತದ್ದು ಇಯರ್ ಎ, ಅದನ್ನೇ ತಂದೆ. ನಿಮ್ಮ ಕಿವಿಗೆ ಉಲ್ಟಾ ಆಗಬಹುದು. ಎಡಕ್ಕೆ ಚಿಕ್ಕ ಟಿಪ್, ಬಲಕ್ಕೆ ಮಧ್ಯಮ, ಅಮಾನಿಕೆರೆಯವರು ಹೇಳಿದ ಹಾಗೇ. ತಲೆ ಮೇಲಿಂದ ಕೈ ತಂದು ಕಿವಿ ಎಳೆದುಕೊಳ್ಳುವುದನ್ನು ನೋಡಿ ಇಸ್ಪೀಟ್ ಗುಂಪು ಮೊದಲ ದಿನ ಆಟ ನಿಲ್ಲಿಸಿತು.

ಕಡಲೆಕಾಯಿ ಮಾರುವವನ ದನಿ ಈಗಲೂ ಕೇಳುತ್ತದೆ. ಕೇಳಬೇಕು ಕೂಡ. ರೀಲ್ಸ್ ಮಹಾನುಭಾವ ಸಣ್ಣಗೆ, ಪಕ್ಕದ ಬೋಗಿಯಲ್ಲಿ ಇದ್ದ ಹಾಗೆ. ನನಗೆ ದೊಡ್ಡದಾಗಿ ಕಂಡದ್ದು ವಾಲ್ಯೂಮ್. ಮೊದಲು ಗಾಲಿ ಸದ್ದನ್ನು ಮೀರಿಸಲು ಫುಲ್ ಇಡುತ್ತಿದ್ದೆ, ಈಗ ಅರ್ಧಕ್ಕಿಂತ ಕೆಳಗೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಅಂತ ಮಿತಿ ಹೇಳುತ್ತದೆ. ನಾನು ಇಷ್ಟು ದಿನ ಅದನ್ನು ಯಾವ ಲೆಕ್ಕದಲ್ಲಿ ಮುರಿದಿದ್ದೇನೋ.

ಡಬ್ಬಿ ಫೋಟೋ ಹೊಡೆದಿಟ್ಟಿದ್ದೇನೆ. ಆರ್ ನಂಬರೂ ನೋಡಿದೆ, ಸರಿಯಿದೆ.

ಟೊಮ್ಯಾಟೊ ಸೀಸನ್ (ಕೋಲಾರ)

ನಿಮ್ಮ ಡ್ರಾದಲ್ಲಿರುವ ಹಳೇ ಸೆಟ್ ಯಾವ ಮಾಡೆಲ್? ಕಪ್ಪಾ? ಉದ್ದ ಕಡ್ಡಿ ಥರದ್ದಾ, ಕೇಸ್ ಮೇಲೆ ಹಸಿರು ಲೈಟು? ಹಾಗಿದ್ದರೆ ಇಎನ್‌ಸಿ ಅಂತ ನಾನು ತಂದದ್ದೂ ಅದೇ ಥರ ಕಾಣುತ್ತದೆ. ನನ್ನ ಬಲಗಡೆದು ಹೋದ ತಿಂಗಳು ಟೊಮ್ಯಾಟೊ ಬಾಕ್ಸ್ ಜೊತೆ ಚೆನ್ನೈಗೆ ಹೋಯಿತು.

ಕ್ಯಾತ್ಸಂದ್ರ ಸೀಸನ್ ಪಾಸ್

ಉದ್ದ ಕಡ್ಡಿ, ಹಸಿರು ಲೈಟು ಹೌದು. ಬಣ್ಣ ಮಾತ್ರ ಬಿಳಿ. ಫೋಟೋ ಕಳಿಸುತ್ತೇನೆ.

ಟೊಮ್ಯಾಟೊ ಸೀಸನ್ (ಕೋಲಾರ)

ಬಿಳಿ ಆದರೂ ಪರವಾಗಿಲ್ಲ. ಮಂಡಿಯಲ್ಲಿ ಎರಡು ದಿನಕ್ಕೆ ಎಲ್ಲಾ ಒಂದೇ ಬಣ್ಣ.